ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿಯೇ?

ಪ್ರಶ್ನೆ: ಯೇಸು ಹೇಳಿದ ದ್ರಾಕ್ಷಿ ತೋಟದ ಆಳುಗಳ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ದಿನವಿಡೀ ಬಿಸಿಲಲ್ಲಿ ಬೆಂದವನಿಗೂ ಸಂಜೆ ಒಂದು ತಾಸು ಕೈಯಾಡಿಸಿದವನಿಗೂ ಒಂದೇ ಕೂಲಿ. ಇದು ಅನ್ಯಾಯವಲ್ಲವೇ?

ಉತ್ತರ: ನಾಟಿಯ ಕಾಲದಲ್ಲಿ ಸಿಂಧನೂರಿನ ದಣಿಯೊಬ್ಬ ಹೀಗೆ ಬಟವಾಡೆ ಮಾಡಿದರೆ ಮರುದಿನ ಬೆಳಿಗ್ಗೆ ಅವನ ಗದ್ದೆಗೆ ಒಂದು ಆಳೂ ಇಳಿಯುವುದಿಲ್ಲ, ಸಂಜೆ ಐದಕ್ಕೆ ಜಾತ್ರೆಯೇ ನೆರೆಯುತ್ತದೆ. ಆದ್ದರಿಂದ ಇದನ್ನು ಕೂಲಿಯ ನಿಯಮವೆಂದು ಓದಬೇಡಿ. ಕೇಳಿದವನಿಗೆ ಸಿಟ್ಟು ಬರಲೆಂದೇ ಯೇಸು ಈ ಕಥೆ ಕಟ್ಟಿದಂತಿದೆ.

ಈ ಕಥೆ ಇರುವ, ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಿಂದ ಒಂದು ಪುಟ ಹಿಂದಕ್ಕೆ ತಿರುಗಿಸಿ. ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ ಎಂದು ಶಿಷ್ಯ ಪೇತ್ರ ಕೇಳುತ್ತಾನೆ. ಯೇಸು ಅವನಿಗೆ ಸಿಂಹಾಸನದ ಭರವಸೆ ಕೊಡುತ್ತಾರೆ, ಬೆನ್ನಿಗೇ ಈ ಸಾಮ್ಯ ಹೇಳುತ್ತಾರೆ. ಮೊದಲು ಬಂದವನ ಲೆಕ್ಕಾಚಾರಕ್ಕೆ ಸಿಕ್ಕ ಉತ್ತರ ಇದು. ಯಜಮಾನ ಆಳುಗಳನ್ನು ಕರೆದ ಐದು ಹೊತ್ತುಗಳೆಂದರೆ ಆದಾಮನಿಂದ ಕ್ರಿಸ್ತನವರೆಗಿನ ಐದು ಯುಗಗಳೆಂದು ಅರ್ಥೈಸಿದ ಪ್ರಾಚೀನ ಪಂಡಿತರೂ ಇದ್ದರು. ನನಗದು ಅತಿಜಾಣತನವಾಗಿ ಕಾಣುತ್ತದೆ.

ಕೂಲಿಗೆ ನಿಲ್ಲುವ ವೃತ್ತವನ್ನೊಮ್ಮೆ ನೋಡಿ. ಗಟ್ಟಿಮುಟ್ಟಾದವರು ಏಳಕ್ಕೆಲ್ಲ ಟೆಂಪೋ ಹತ್ತಿರುತ್ತಾರೆ. ಹತ್ತರ ಹೊತ್ತಿಗೆ ಉಳಿಯುವವರು ಮುದುಕರು, ಕಾಲೆಳೆಯುವವರು, ಕಂಕುಳಲ್ಲಿ ಕೂಸಿರುವ ತಾಯಂದಿರು. ಬುತ್ತಿಯ ಗಂಟು ಬಿಚ್ಚದೆ ಮನೆಗೆ ಮರಳುವ ನಡಿಗೆಯೇ ಬೇರೆ. ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದಾಗ ಕಥೆಯ ಆಳುಗಳು ಹೇಳುವುದೂ ಅಷ್ಟೇ: ಯಾರೂ ನಮ್ಮನ್ನು ಕರೆಯಲಿಲ್ಲ. ಅವರನ್ನು ಸೋಮಾರಿಗಳೆಂದು ಕಥೆ ಎಲ್ಲಿಯೂ ಕರೆದಿಲ್ಲ. ಪಾರುಪತ್ಯಗಾರನಿದ್ದೂ ಯಜಮಾನ ತಾನೇ ಐದು ಸಲ ಪೇಟೆಗೆ ಬರುತ್ತಾನೆ, ಅದನ್ನೂ ಗಮನಿಸಿ.

ಗೊತ್ತುಮಾಡಿದ ಕೂಲಿ ಒಂದು ದೆನಾರಿಯಸ್, ಅಂದಿನ ಒಂದು ದಿನದ ದುಡಿಮೆಗೆ ಸಿಗುತ್ತಿದ್ದ ಬೆಳ್ಳಿ ನಾಣ್ಯ. ಹನ್ನೆರಡು ತಾಸಿನ ದಿನದಲ್ಲಿ ಒಂದೇ ತಾಸಿನ ಲೆಕ್ಕ ಹಿಡಿದರೆ ಸಿಗುವ ಅದರ ಹನ್ನೆರಡನೆಯ ಒಂದು ಪಾಲಿನಲ್ಲಿ ಒಲೆ ಹೊತ್ತುವುದಿಲ್ಲ. ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದವಳು. ಅಲ್ಲಿ ಅಳೆದದ್ದು ಪಡೆಯುವವಳ ಕೈ, ಇಲ್ಲಿ ಕೊಡುವವನ ಕೈ. ಕೊಳಗ ಮಾತ್ರ ಒಂದೇ: ಒಂದು ಮನೆಯ ಒಂದು ದಿನ.

ಇನ್ನು ಬಟವಾಡೆ. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ನಾಣ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಖುಷಿಯಿಂದ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಯಜಮಾನ ಬೇಕೆಂದೇ ಕೊನೆಯವರಿಂದ ಶುರುಮಾಡಿಸುತ್ತಾನೆ. ಆಗ ಗೊಣಗಿದವರು ನಮಗೆ ಕಡಿಮೆಯಾಯಿತು ಎನ್ನುವುದಿಲ್ಲ. ಇವರನ್ನು ನಮಗೆ ಸಮ ಮಾಡಿದೆಯಲ್ಲ ಎನ್ನುತ್ತಾರೆ. ನೋವು ಇರುವುದು ಆ ‘ಸಮ’ದಲ್ಲಿ. ನಾನು ಒಳ್ಳೆಯವನಾದರೆ ನಿನ್ನ ಕಣ್ಣೇಕೆ ಕೆಡಬೇಕು ಎಂದು ಯಜಮಾನ ಕೇಳುತ್ತಾನೆ. ಮೂಲ ಗ್ರೀಕಿನಲ್ಲಿಯೂ ಅದು ಕೆಟ್ಟ ಕಣ್ಣೇ. ದೃಷ್ಟಿ ತೆಗೆಯುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೊಂದು ಮಾತು. ನನ್ನ ಹಣ, ನನ್ನಿಷ್ಟ ಎಂಬ ಇದೇ ಅಧ್ಯಾಯದ 15ನೇ ವಚನವನ್ನು ಹಿಡಿದು ಆಳಿನ ಕೂಲಿ ಮುರಿಯಲು ಹೊರಟವರು 13ನೇ ವಚನವನ್ನೂ ಓದಬೇಕು. ಮಾತನಾಡಿಕೊಂಡದ್ದರಲ್ಲಿ ಆ ಯಜಮಾನ ಒಂದು ಕಾಸನ್ನೂ ಹಿಡಿದಿಲ್ಲ. ಮೋಶೆಯ ಧರ್ಮಶಾಸ್ತ್ರ ಹೇಳಿದಂತೆ, ಅಂದಿನ ಕೂಲಿಯನ್ನು ಅಂದೇ ಸಂಜೆ ಕೈಗಿಟ್ಟಿದ್ದಾನೆ.