ಹೊಸಾ ಎಟಿ ಟೈರ್ ಹಾಕಸೂ ಮೊದಲ ಹಳೇ ಟೈರ್ ಒಮ್ಮೆ ಓದ್ರಿ

ಅಂಗಡಿಗೆ ಥಾರ್ ತಗೊಂಡು ಬಂದ ಹುಡುಗೋರು ಗಾಡಿ ಇಳಿಯೂದ್ರಾಗ ಮೊಬೈಲ್ ಮುಂದ ಹಿಡಿತಾರ, "ಕಾಕಾ, ಇಂಥಾವ ಹಾಕ್ರಿ" ಅಂತ. ಫೋಟೋದಾಗ ದೊಡ್ಡ ದೊಡ್ಡ ಹಲ್ಲಿನ ಟೈರ್, ಮೈ ತುಂಬ ಕೆಸರು. ಎಟಿ ಅಂದ್ರ ಆಲ್ ಟೆರೇನ್, ಡಾಂಬರಿಗೂ ಕಚ್ಚಾ ದಾರಿಗೂ ಅಂತ ಮಾಡಿದ ಟೈರ್. ನಾ ಫೋಟೋ ನೋಡಿ ಛಲೋ ಐತಿ ಅಂತೀನಿ, ಆಮ್ಯಾಲ ಅವರ ಗಾಡಿದು ಒಂದು ಗಾಲಿ ಬಿಚ್ಚಿಸಿ ನೆಲಕ್ಕ ಹಾಕಿ ಅವರನ್ನೂ ಬಾಜೂಕ ಕುಂಡ್ರಸ್ತೀನಿ. ಬೆಳಗಾವ್ಯಾಗ ಟೈರ್ ಮತ್ತ ಅಲೈನ್‌ಮೆಂಟ್ ಕೆಲಸಾ ಮಾಡಾಕತ್ತು ಇಪ್ಪತ್ತು ವರ್ಷದ ಮ್ಯಾಲಾತು, ಗಾಡಿ ಎಲ್ಲಿ ಓಡೇತಿ ಅನ್ನೂದನ್ನ ಮಾಲಕರಿಗಿಂತ ಅವರ ಹಳೇ ಟೈರ್ ಖರೇ ಹೇಳ್ತೈತಿ ಅನ್ನೂದು ನನಗ ಪಕ್ಕಾ ಆಗಿ ಹೋಗೇತಿ.

ಹೆಂಗ ಓದೂದು ಅಂದ್ರ, ಮೊದಲ ಬ್ಲಾಕ್, ಅಂದ್ರ ರೋಡಿಗೆ ತಾಗೂ ರಬ್ಬರ್ ಗಟ್ಟಿಗಳ ಅಂಚು ನೋಡ್ರಿ. ಅಂಚು ಇಲಿ ಕಡದಂಗ ಅಲ್ಲೊಂದು ಇಲ್ಲೊಂದು ಚೂರು ಹಾರಿದ್ರ ಗಾಡಿ ಖಡಿ, ಗರಸಿನ ದಾರ್ಯಾಗ ಭಾಳ ಓಡೇತಿ ಅಂತ ಅರ್ಥ. ಅಂಚು ದುಂಡಗಾಗಿ ನುಣ್ಣಗ ಇದ್ರ ಬರೇ ಡಾಂಬರ್. ಗ್ರೂವ್, ಅಂದ್ರ ಬ್ಲಾಕ್ ನಡುವಿನ ಸಂದಿ ಒಳಗ ಸಿಕ್ಕ ಹರಳು ಸ್ಕ್ರೂಡ್ರೈವರ್‌ಲೆ ತಗದು ಕೈಯಾಗ ಹಿಡೀರಿ, ಅದು ರೋಡ್ ಕೆಲಸದ ಕರಿ ಖಡೀನೋ, ಖಾನಾಪುರ ಕಡೆ ಕೆಂಪು ಜಂಬಿಟಗಿ ಕಲ್ಲೋ ಅಂತ ಗೊತ್ತಾಗ್ತೈತಿ. ಆಮ್ಯಾಲ ಸೈಡ್‌ವಾಲ್, ಅಂದ್ರ ಟೈರಿನ ಬಾಜೂ ಗ್ವಾಡಿ ಮ್ಯಾಲ ಅಂಗೈ ಆಡಸ್ರಿ. ಗೀಚಿದ್ದು, ಕೊಯ್ದದ್ದು ಕೈಗೆ ಹತ್ತಿದ್ರ ಗಾಡಿ ಹೊಲದಾಗ ಇಳದೇತಿ.

ಹ್ವಾದ ವರ್ಷ ಮಳಿಗಾಲದ ಮೊದಲ ಟಿಳಕವಾಡಿಯಿಂದ ಒಬ್ಬ ಹುಡುಗ ಜಿಮ್ನಿ ತಂದಿದ್ದ, ಮಡ್ ಟೈರ್, ಅಂದ್ರ ಕೆಸರಿಗಂತ ಮಾಡಿದ ದೊಡ್ಡ ಹಲ್ಲಿನ ಟೈರ್ ಬೇಕು ಅಂತ ಒಂದ ಹಟ. ಅವನ ಹಳೇ ಟೈರ್ ನಾಕೂ ನುಣ್ಣಗ, ಒಂದ ಹರಳಿಲ್ಲ, ಸೈಡ್‌ವಾಲ್ ಹೊಸದರಂಗ ಐತಿ. ತಮ್ಮಾ ಎಲ್ಲಿ ಹೋಗ್ತಿ ಅಂದ್ರ ದಿನಾ ಆಫೀಸು, ತಿಂಗಳಿಗೊಮ್ಮೆ ಚೋರ್ಲಾ ಘಾಟ್ ಮ್ಯಾಲಿಂದ ಗೋವಾ. ಅದ ವಾರ ಮುಧೋಳ ಕಡೆಯಿಂದ ಒಬ್ರು ಯಜಮಾನ್ರು ಬಂದಿದ್ರು, ಕಬ್ಬಿನ ತೋಟ, ಗಾಡಿ ನೋಡಿದ್ರ ದನದ ಕೊಟ್ಟಿಗಿಯಿಂದ ಎದ್ದು ಬಂದಂಗ. ಅವರ ಟೈರಿನ ಸೈಡ್‌ವಾಲ್‌ದಾಗ ಬೆರಳು ಹೋಗೂವಷ್ಟು ತೂತು, ಕಬ್ಬು ಕಡದ ಮ್ಯಾಲ ಉಳಿಯೂ ಕೂಳಿ ಹೊಕ್ಕೇತಿ. ಚೂಪಗ ಓರೆಯಾಗಿ ಕಡದ ಕೂಳಿ ಅಂದ್ರ ಉಳಿ ಇದ್ದಂಗ, ವಿಜಯಪುರ ಕಡೆ ತೊಗರಿ ಕೂಳೀನೂ ಅಷ್ಟ ಕೆಟ್ಟದ್ದು. ಸೈಡ್‌ವಾಲ್ ಪಂಚರ್‌ಗೆ ಔಷಧಿಲ್ಲ, ಟೈರ್ ಒಗೀಬೇಕು. ಇಬ್ಬರೂ ಕೇಳಿದ್ದು ಹಲ್ಲಿನ ಟೈರ್, ಆದ್ರ ಹುಡುಗಗ ಬೇಕಾಗಿದ್ದು ಡಾಂಬರಿನ ಮ್ಯಾಲ ಹಿಡತ, ಯಜಮಾನ್ರಿಗೆ ಬೇಕಾಗಿದ್ದು ಗಟ್ಟಿ ಸೈಡ್‌ವಾಲ್. ಎಟಿ ಅನ್ನೂ ಒಂದ ಹೆಸರಿನ ಕೆಳಗ ಈ ಎರಡೂ ಥರದ ಟೈರ್ ಮಾರ್ತಾರ, ಗದ್ದಲ ಆಗೂದು ಇಲ್ಲೇ.

ದಿನಾ ಓಡಸೂ ಗಾಡಿಗೆ ನಾ ಮೊದಲ ನೋಡೂದು ಬ್ಲಾಕಿನ ಮ್ಯಾಲಿನ ಸಣ್ಣ ಗೀರು. ಬ್ಲೇಡ್‌ಲೆ ಕೊಯ್ದಂಗ ಇರ್ತಾವ, ಸೈಪ್ ಅಂತಾರ. ತೊಯ್ದ ಡಾಂಬರಿನ ಮ್ಯಾಲ ಬ್ರೇಕ್ ಹಾಕಿದಾಗ ಈ ಗೀರಿನ ಅಂಚುಗಳ ನೀರು ಸರಿಸಿ ರೋಡಿಗೆ ಹಿಡಿಯೂದು. ಗೀರು ಕಡಿಮಿ, ಬ್ಲಾಕ್ ದೊಡ್ಡದು, ನಡುವ ಖಾಲಿ ಜಾಗ ಹೆಚ್ಚು ಇದ್ರ ರೋಡಿಗೆ ತಾಗೂ ರಬ್ಬರ್ ಕಡಿಮಿ, ಬ್ರೇಕ್ ದೂರ ಎಳಕೊಂಡು ಹೋಗ್ತೈತಿ. ಜೂನ್ ಜುಲೈದಾಗ ಜಾಂಬೋಟಿ ದಾಟಿ ಕಣಕುಂಬಿ ಕಡೆ ಮಳಿ ಹೊಡೀತಿರೂವಾಗ ತಿರುವಿನ್ಯಾಗ ಎದುರು ಲಾರಿ ಬಂದ್ರ ನಿಮ್ಮನ್ನ ಕಾಯೂದು ಆ ಗೀರುಗಳ ಹೊರತು ಫೋಟೋದಾಗಿನ ದೊಡ್ಡ ಹಲ್ಲಲ್ಲ. ಸಪ್ಪಳಾನೂ ಹಂಗ, ಬೆಳಗಾವಿ ಊರೊಳಗ ಕಾಂಕ್ರೀಟ್ ರೋಡ್ ಭಾಳ ಆಗ್ಯಾವ, ಅದರ ಮ್ಯಾಲ ಒರಟು ಟೈರ್ ಗುಂಯ್ ಅಂತಾವ, ದಿನಾ ಕೇಳೋರು ನೀವು.

ಇನ್ನ ಎರಿ, ಅಂದ್ರ ಕರಿ ಮಣ್ಣಿನ ಮಾತು. ಇದನ್ನ ಎಲ್ಲಾರಿಗೂ ಹೇಳ್ತೀನಿ, ಭಾಳ ಮಂದಿ ನಂಬಾಂಗಿಲ್ಲ. ಡೋಣಿ ಹೊಳಿ ದಂಡಿ, ಸಿಂದಗಿ, ಇಂಡಿ, ಈ ಕಡೆ ಬಾಗಲಕೋಟಿ ಹೊಲ, ಮಳಿ ಬಿದ್ದ ಎರ್ಯಾಗ ಯಾವ ಎಟಿ ಟೈರೂ ನಡ್ಯಾಂಗಿಲ್ಲ. ಆ ಮಣ್ಣು ನೀರು ಕುಡದು ಉಬ್ಬತೈತಿ, ಅಂಟತೈತಿ, ಗಾಲಿ ನಾಕು ಸುತ್ತು ತಿರಗೂದ್ರಾಗ ಗ್ರೂವ್ ಎಲ್ಲಾ ತುಂಬಿ ಟೈರ್ ಅನ್ನೂದು ಕಡಬಿನಂಗ ನುಣ್ಣಗ ಆಗ್ತೈತಿ. ಆಮ್ಯಾಲ ಫೋರ್ ಬೈ ಫೋರ್ ಇದ್ರೇನು, ನಾಕೂ ಗಾಲಿ ನಿಂತಲ್ಲೇ ತಿರಗತಾವ. ಮಡ್ ಟೈರ್ ಸ್ವಲ್ಪ ಮಣ್ಣು ಒಗೀತಾವ ಖರೆ, ಅದಕ್ಕೂ ಜೋರಾಗಿ ತಿರಗಬೇಕು. ಹವಾ 18-20 ಪಿಎಸ್‌ಐಕ್ಕ ಇಳಿಸಿದ್ರ ಸ್ವಲ್ಪ ಅನುಕೂಲ ಆಗ್ತೈತಿ, ಆದ್ರ ವಾಪಸ್ ತುಂಬಸಾಕ ಗಾಡ್ಯಾಗ ಪಂಪ್ ಇರಬೇಕು. ವರ್ಷದಾಗ ಹತ್ತು ದಿನದ ಎರಿ ಕೆಸರಿಗಂತ ಉಳಿದ ಮುನ್ನೂರ ಐವತ್ತು ದಿನ ಮಡ್ ಟೈರ್ ಮ್ಯಾಲ ಓಡಾಡಬ್ಯಾಡ್ರಿ, ಎರಡು ದಿನ ಬಿಸಲಿಗೆ ಹೊಲ ಆರಲಿ, ಆಮ್ಯಾಲ ಹೋಗ್ರಿ.

ಸೈಜ್ ವಿಚಾರ. ಥಾರ್‌ಗೆ 16 ಇಂಚಿನ ರಿಮ್ ಇದ್ರ 245/75 ಬರ್ತೈತಿ, 18 ಇಂಚಿಂದಿದ್ರ 255/65. ಮೊದಲಿನ ಅಂಕಿ ಟೈರಿನ ಅಗಲ ಮಿಲಿಮೀಟರ್‌ದಾಗ, ಎರಡನೇದು ಸೈಡ್‌ವಾಲ್ ಎತ್ತರ ಆ ಅಗಲದ ಎಷ್ಟು ಪರ್ಸೆಂಟ್ ಅಂತ. ಮಂದಿ 16ಕ್ಕ 265/75 ಹಾಕ್ರಿ ಅಂತಾರ. ಲೆಕ್ಕ ಮಾಡ್ರಿ, ಮೊದಲಿನ ಗಾಲಿ ಎತ್ತರ 774 ಮಿಲಿಮೀಟರ್, ಇದು 804. ಹತ್ತಿರ ನಾಕು ಪರ್ಸೆಂಟ್ ಹೆಚ್ಚು. ಅಂದ್ರ ಮೊದಲ 100 ಓಡೂವಾಗ ಮೀಟರ್ ಎಷ್ಟು ತೋರಸ್ತಿತ್ತೋ ಅಷ್ಟ ತೋರಿಸಿದಾಗ ಈಗ ಗಾಡಿ 104 ಓಡ್ತೈತಿ, ಪಿಕಪ್ ಬೀಳ್ತೈತಿ, ಬ್ರೇಕಿಗೆ ಕೆಲಸ ಹೆಚ್ಚು, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಗಾಲಿ ಗೂಡಿನ ಒಳಗಿನ ಲೈನರ್‌ಗೆ ಉಜ್ಜೂದೂ ಉಂಟು. ಮೂರು ಪರ್ಸೆಂಟ್ ದಾಟಬ್ಯಾಡ್ರಿ ಅಂತೀನಿ, ಕಂಪನಿ ಸೈಜಿನ್ಯಾಗ ಒಳ್ಳೆ ಎಟಿ ಸಿಕ್ರ ಅದ ಎಲ್ಲಾದಕ್ಕೂ ಛಲೋ. ಜಿಮ್ನಿ ಹುಡುಗಗ 195/80 ಆರ್15 ಕಂಪನಿ ಸೈಜಿನ್ಯಾಗ ಗೀರು ಹೆಚ್ಚಿದ್ದ ಎಟಿ ಹಾಕಿ ಕಳಿಸಿದೆ. ಯಜಮಾನ್ರಿಗೆ ಎಲ್‌ಟಿ ಕೊಟ್ಟೆ.

ಎಲ್‌ಟಿ ಅಂದ್ರ ಲೈಟ್ ಟ್ರಕ್ ಟೈರ್, ಸೈಜಿನ ಮುಂದ ಎಲ್‌ಟಿ ಅಂತ ಅಚ್ಚಾಗಿರ್ತೈತಿ, ಸೈಡ್‌ವಾಲ್ ದಪ್ಪ, ತೂಕ ಹೆಚ್ಚು. ಕೂಳಿ, ಕಲ್ಲಿಗೆ ಇದ ಸರಿ. ಆದ್ರ ಒಂದು ಮಾತು ಅಂಗಡ್ಯಾಗ ಭಾಳ ಮಂದಿ ಹೇಳಾಂಗಿಲ್ಲ, ಅಷ್ಟ ಭಾರ ಹೊರಾಕ ಎಲ್‌ಟಿಗೆ ಹೆಚ್ಚು ಹವಾ ಬೇಕು. ಬಾಗಲ ಕಂಬದ ಸ್ಟಿಕ್ಕರ್ ಮ್ಯಾಲಿನ ಹವಾ ಕಂಪನಿ ಟೈರಿನ ಲೆಕ್ಕದ್ದು, ಎಲ್‌ಟಿಗೆ ಅಷ್ಟ ಹಾಕಿ ಬ್ಯಾಸಿಗ್ಯಾಗ ವಿಜಯಪುರ-ಸೊಲ್ಲಾಪುರ ರೋಡಿನ್ಯಾಗ ಲೋಡ್ ಹೇರಿ ಜೋರಾಗಿ ಬಿಟ್ರ ಸೈಡ್‌ವಾಲ್ ಮಡಚಿ ಮಡಚಿ ಕಾಯತೈತಿ. 40 ಡಿಗ್ರಿ ದಾಟಿದ ದಿನ ಆ ಕಾವು ಹೊರಗ ಹೋಗೂದು ಕಷ್ಟ, ಟೈರ್ ಒಡಿಯೂದು ಹಿಂಗ. ಹವಾ ಮುಂಜಾನಿ ತಣ್ಣಗಿದ್ದಾಗ ನೋಡ್ರಿ, ದಾರ್ಯಾಗ ಬಿಸಿ ಟೈರಿನ್ಯಾಗ ಏರೇತಿ ಅಂತ ಬಿಚ್ಚಿ ಬಿಡಬ್ಯಾಡ್ರಿ. ಲೋಡ್ ನಂಬರೂ ನೋಡ್ಬೇಕು, 112 ಅಂತ ಇದ್ರ ಒಂದು ಟೈರ್ 1120 ಕಿಲೋ ಹೊರ್ತೈತಿ, ಕಂಪನಿ ಟೈರಿಗಿಂತ ಆ ನಂಬರ್ ಕಡಿಮಿ ಇರಬಾರ್ದು. ಅದರ ಬಾಜೂಕಿನ ಅಕ್ಷರ ಸ್ಪೀಡಿಂದು, ಎಸ್ ಅಂದ್ರ ತಾಸಿಗೆ 180 ಕಿಲೋಮೀಟರ್, ಟಿ ಅಂದ್ರ 190.

ತಯಾರಾದ ತಾರೀಖನ್ನೂ ಓದ್ರಿ. ಡಾಟ್ ಅಂತ ಬರೆದ ಸಾಲಿನ ಕೊನೀ ನಾಕು ಅಂಕಿ, 2324 ಅಂದ್ರ 2024ರ 23ನೇ ವಾರ. 2020ರ ಜೂನ್‌ದಾಗ ಸರ್ಕಾರ ಹೊರಗಿಂದ ಬರೂ ಟೈರಿಗೆ ನಿರ್ಬಂಧ ಹಾಕಿದ ಮ್ಯಾಲ ಕೆಲವು ಇಂಪೋರ್ಟೆಡ್ ಸೈಜ್ ಹುಡುಕಬೇಕಾತು, ಸಿಕ್ತು ಅಂತ ಖುಷ್ಯಾಗ ತಾರೀಖು ನೋಡಲಾರದ ಹಳೇ ಸ್ಟಾಕ್ ಹಾಕಿಸಿಕೊಂಡೋರು ಅದಾರ.

ಇನ್ನ ರೊಕ್ಕ ಉಳಸಾಕ ಎರಡ ಟೈರ್ ಹಾಕೂದು. ಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಒಂದು ಗಾಡಿ ನನ್ನ ಕಡೆ ಬಂತು, ಹಿಂದ ಹೊಸಾ ಎಟಿ, ಮುಂದ ಸವದು ಹೋದ ಹಳೇವು, ಫೋರ್ ಎಚ್ (ನಾಕೂ ಗಾಲಿ ಎಳಿಯೂ ಗೇರ್) ಹಾಕಿ ಹೊಲದಿಂದ ಹೊರಗ ಬಂದವರು ಹಂಗ ಡಾಂಬರ್ ಹತ್ತಿಸ್ಯಾರ. ಲಿವರ್ ಕಲ್ಲಿನಂಗ ನಿಂತೇತಿ, ವಾಪಸ್ ಎರಡ ಗಾಲಿ ಎಳಿಯೂ ಟೂ ಎಚ್‌ಗೆ ಬರವಲ್ದು. ಹಿಂದ ಮುಂದ ಎಂಟು ಮಿಲಿಮೀಟರ್ ಗ್ರೂವ್ ಫರಕ ಇದ್ರ ಗಾಲಿ ಎತ್ತರದಾಗ 16 ಮಿಲಿಮೀಟರ್ ಫರಕ, ಒಂದು ಸುತ್ತಿಗೆ ಐದು ಸೆಂಟಿಮೀಟರ್, ಲೆಕ್ಕಕ್ಕ ಒಂದು ಕಿಲೋಮೀಟರ್‌ದಾಗ ಹತ್ತಿರ 20 ಮೀಟರ್. ಥಾರ್, ಜಿಮ್ನ್ಯಾಗ ಫೋರ್ ಎಚ್ ಹಾಕಿದಾಗ ಹಿಂದ ಮುಂದ ಶಾಫ್ಟ್ ಎರಡೂ ಕೂಡಿ ತಿರಗಬೇಕು, ಕೆಸರಿನ್ಯಾಗ ಗಾಲಿ ಜಾರಿ ಆ 20 ಮೀಟರ್ ಹೊಂದಿಸಿಕೊಂತಾವ, ಡಾಂಬರ್ ಮ್ಯಾಲ ಜಾರಾಕ ಜಾಗಿಲ್ಲ, ಆ ಜಗ್ಗಾಟ ಎಲ್ಲಾ ಎಂಜಿನ್ ಶಕ್ತಿ ಹಿಂದ ಮುಂದ ಹಂಚೂ ಟ್ರಾನ್ಸ್‌ಫರ್ ಕೇಸಿನ ಮ್ಯಾಲ ಬೀಳ್ತೈತಿ. ನಾವು ಜ್ಯಾಕ್ ಹಚ್ಚಿ ಒಂದು ಗಾಲಿ ಎತ್ತಿದ ಕೂಡ್ಲೆ ಆ ಗಾಲಿ ತಂತಾನ ತಟ್ ಅಂತ ತಿರುಗ್ತು, ಲಿವರ್ ಸಡಲ ಆತು. ಅವರ ಮುಖದಾಗ ಜೀವ ಬಂತು. ಹಾಕಿದ್ರ ಐದೂ ಒಂದ ಹಾಕ್ರಿ, ಸ್ಟೆಪ್ನೀನೂ ಸೇರಿಸಿ.

ಐದನ್ನೂ ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಜಾಗಾ ಬದಲಿ ಮಾಡಸ್ರಿ. ಮಾಡಸಬೇಕೋ ಬ್ಯಾಡೋ ಅಂತ ಅನುಮಾನ ಇದ್ರ ಟೈರ್ ಮ್ಯಾಲ ಅಂಗೈ ಒಮ್ಮೆ ಮುಂದಕ್ಕ ಎಳೀರಿ, ಒಮ್ಮೆ ಹಿಂದಕ್ಕ. ಒಂದ ಕಡೆ ಎಳದ್ರ ನುಣ್ಣಗ, ಇನ್ನೊಂದು ಕಡೆ ಎಳದ್ರ ಗರಗಸದಂಗ ಹಲ್ಲು ಚುಚ್ಚಿದ್ರ ಬ್ಲಾಕ್ ಓರೆಯಾಗಿ ಸವ್ಯಾಕತ್ತಾವ, ಸಪ್ಪಳ ಹೆಚ್ಚಾಗೂದು ಅದರಿಂದ. ಜಿಮ್ನಿ ಹುಡುಗ ಮೊನ್ನೆ ಬಂದಿದ್ದ, ನಾ ಹೇಳೂ ಮೊದಲ ಬಾಗಿ ಕುಂತು ಕೈ ಆಡಿಸಿ ನೋಡಿ, "ಕಾಕಾ, ಮುಂದಿನ ಎಡಕಿಂದು ಚುಚ್ಚತೈತ್ರಿ" ಅಂದ. ಚುಚ್ಚತಿತ್ತು. ಅಲೈನ್‌ಮೆಂಟ್ ಮಾಡಿ ಐದೂ ಗಾಲಿ ಬದಲಿ ಮಾಡಿದ್ವಿ, ಗ್ರೂವ್ ಒಳಗಿಂದ ಒಂದು ಜಾಲಿ ಮುಳ್ಳು ಪಕ್ಕಡಲೆ ಕಿತ್ತಿ ಸಾಬೂನಿನ ನೀರು ಹಾಕಿ ನೋಡಿದ್ವಿ, ಗುಳ್ಳಿ ಬರಲಿಲ್ಲ.