ಲಿಬಿಂಗಾನ್ ನಾಂಗ್ ಮಂಗಾ ಬಯಾನಿ: ವೀರರ ಸ್ಮಶಾನದಲ್ಲಿ ಯಾರಿಗೆ ಜಾಗ?

ಇದು ಫಿಲಿಪ್ಪೀನ್ಸ್ ದೇಶದ ಸೇನಾ ಸ್ಮಶಾನವೊಂದರ ಹೆಸರು. ತಗಾಲೋಗ್ ಭಾಷೆಯಲ್ಲಿ ಲಿಬಿಂಗಾನ್ ಎಂದರೆ ಹೂಳುವ ಜಾಗ, ಬಯಾನಿ ಎಂದರೆ ವೀರ. ಒಟ್ಟಿಗೆ ‘ವೀರರ ಸ್ಮಶಾನ’. ಮನಿಲಾ ಮಹಾನಗರಕ್ಕೆ ಸೇರಿದ ತಾಗಿಗ್‌ನಲ್ಲಿ, ಫೋರ್ಟ್ ಬೋನಿಫಾಸಿಯೊ ಎಂಬ ದಂಡುಪ್ರದೇಶದಲ್ಲಿದೆ. 2016ರ ನವೆಂಬರ್ 18ರಂದು ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್‌ನ ಶವವನ್ನು ಇಲ್ಲಿ ಹೂತ ಮೇಲೆ ಈ ಹೆಸರು ಹೊರದೇಶಗಳ ಪತ್ರಿಕೆಗಳಲ್ಲೂ ಓಡಾಡಿತು. ಸತ್ತು 27 ವರ್ಷವಾದವನನ್ನು ಹೂಳುವ ಮಾತು ಸುಪ್ರೀಂ ಕೋರ್ಟ್‌ವರೆಗೆ ಹೋದದ್ದೇಕೆ, ಅಲ್ಲಿ ತೀರ್ಮಾನವಾದದ್ದೇನು ಎಂಬುದು ಈ ಸ್ಮಶಾನದ ನಿಯಮಾವಳಿ ನೋಡದೆ ತಿಳಿಯುವಂಥದ್ದಲ್ಲ.

ಸ್ಮಶಾನ ಶುರುವಾದದ್ದು 1947ರಲ್ಲಿ, ಎರಡನೇ ಮಹಾಯುದ್ಧದಲ್ಲಿ ಮಡಿದ ಸೈನಿಕರಿಗಾಗಿ. ಆಗ ಅದಕ್ಕೆ ‘ರಿಪಬ್ಲಿಕ್ ಮೆಮೋರಿಯಲ್ ಸಿಮೆಟರಿ’ ಎಂಬ ಸಪ್ಪೆ ಹೆಸರಿತ್ತು. 1942ರಲ್ಲಿ ಜಪಾನ್ ಸೇನೆ ಯುದ್ಧಕೈದಿಗಳನ್ನು ಬಲವಂತವಾಗಿ ನಡೆಸಿದ ಬತಾನ್ ಸಾವಿನ ನಡಿಗೆಯಲ್ಲಿ ಬದುಕುಳಿದು, ಆಮೇಲೆ ಕಾಪಾಸ್‌ನ ಸೆರೆಶಿಬಿರದಲ್ಲಿ ಸತ್ತವರ ಅವಶೇಷಗಳನ್ನೂ ಇಲ್ಲಿಗೆ ತಂದರು. ‘ವೀರರ’ ಎಂಬ ಮಾತು ಸೇರಿದ್ದು 1954ರಲ್ಲಿ, ಅಧ್ಯಕ್ಷ ರಾಮೋನ್ ಮ್ಯಾಗ್ಸೆಸೆ ಹೊರಡಿಸಿದ ಘೋಷಣೆಯಿಂದ. (ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಸಂದದ್ದು ಇವರ ಹೆಸರಿನ ಪ್ರಶಸ್ತಿಯೇ.) 1967ರಲ್ಲಿ ಸುಮಾರು 142 ಹೆಕ್ಟೇರ್, ಅಂದರೆ 350 ಎಕರೆ ನೆಲವನ್ನು ಸೇನಾ ಮೀಸಲಿನಿಂದ ಬಿಡಿಸಿ ರಾಷ್ಟ್ರೀಯ ಸ್ಮಾರಕಕ್ಕೆ ಗೊತ್ತುಮಾಡಲಾಯಿತು. ಆ ಘೋಷಣೆಗೆ ಸಹಿ ಮಾಡಿದವನು ಆಗ ಅಧ್ಯಕ್ಷನಾಗಿದ್ದ ಮಾರ್ಕೋಸ್.

ಹೆಸರು ಕೇಳಿ ಇಲ್ಲಿ ಮಲಗಿದವರೆಲ್ಲ ರಾಷ್ಟ್ರವೀರರು ಅಂದುಕೊಳ್ಳಬಾರದು. ಸುಮಾರು 49 ಸಾವಿರ ಗೋರಿಗಳಲ್ಲಿ ಬಹುಪಾಲು ಸಾಮಾನ್ಯ ಸೈನಿಕರವು. ಫಿಲಿಪ್ಪೀನ್ಸ್‌ನವರು ವೀರ ಎಂದೊಡನೆ ನೆನೆಯುವ ಹೋಸೆ ರಿಸಾಲ್‌ನ ಸಮಾಧಿ ಮನಿಲಾದ ಲುನೇಟಾ ಉದ್ಯಾನದ ಸ್ಮಾರಕದ ಕೆಳಗಿದೆ. ಸರ್ವಾಧಿಕಾರವನ್ನು ಇಳಿಸಿ ಬಂದ ಕೊರಾಝೋನ್ ಅಕಿನೊ ಮಲಗಿರುವುದು ಪರಾನ್ಯಾಕೆಯ ಖಾಸಗಿ ಸ್ಮಶಾನದಲ್ಲಿ, ಗಂಡ ನಿನೊಯ್ ಪಕ್ಕ. ಸ್ಮಶಾನಕ್ಕೆ ಹೆಸರಿಟ್ಟ ಮ್ಯಾಗ್ಸೆಸೆಯ ಗೋರಿಯೂ ಇಲ್ಲಿಲ್ಲ, ಮನಿಲಾ ನಾರ್ತ್ ಸ್ಮಶಾನದಲ್ಲಿದೆ. ಅಷ್ಟೇ ಏಕೆ, ಯಾರನ್ನು ರಾಷ್ಟ್ರವೀರ ಎನ್ನಬೇಕೆಂದು ಹೇಳುವ ಕಾನೂನೇ ಆ ದೇಶದಲ್ಲಿಲ್ಲ. 1995ರಲ್ಲಿ ಸಮಿತಿಯೊಂದು ಒಂಬತ್ತು ಹೆಸರು ಶಿಫಾರಸು ಮಾಡಿತ್ತು. ಅದು ಶಿಫಾರಸಾಗಿಯೇ ಉಳಿಯಿತು.

ಹಾಗಾದರೆ ಒಳಗೆ ಬಿಡುವುದು ಯಾರನ್ನು? ಇದನ್ನು ಹೇಳುವುದು ಸಂಸತ್ತಿನ ಕಾಯ್ದೆಯಲ್ಲ, ಸೇನೆಯ ನಿಯಮಾವಳಿ. 2000ದ ಸೆಪ್ಟೆಂಬರ್‌ನಲ್ಲಿ ಹೊರಬಂದ ಅದರ ಸಂಖ್ಯೆ ಜಿ 161-375, ವಿಷಯ ‘ಗೋರಿ ಜಾಗಗಳ ಹಂಚಿಕೆ’. ಮೆಡಲ್ ಆಫ್ ವೇಲರ್ ಪಡೆದವರು, ಅಧ್ಯಕ್ಷರು, ರಕ್ಷಣಾ ಕಾರ್ಯದರ್ಶಿಗಳು, ಸೇನಾ ಮುಖ್ಯಸ್ಥರು, ಜನರಲ್ ಮತ್ತು ಅಡ್ಮಿರಲ್ ದರ್ಜೆಯ ಅಧಿಕಾರಿಗಳು, ಸೇವೆಯಲ್ಲಿರುವ ಮತ್ತು ನಿವೃತ್ತ ಸೈನಿಕರು, ಯುದ್ಧ ಮಾಡಿದ ಹಳಬರು, ಮಾನ್ಯತೆ ಪಡೆದ ಗೆರಿಲ್ಲಾಗಳು, ರಾಷ್ಟ್ರೀಯ ಕಲಾವಿದರು, ಕೊನೆಗೆ ಮಾಜಿ ಅಧ್ಯಕ್ಷರ ವಿಧವೆಯರು ಕೂಡ ಪಟ್ಟಿಯಲ್ಲಿದ್ದಾರೆ. ಲೇಖಕ ನಿಕ್ ಹ್ವಾಕಿನ್ ಇಲ್ಲಿರುವುದು ರಾಷ್ಟ್ರೀಯ ಕಲಾವಿದ ಎಂಬ ಬಾಬ್ತಿನಲ್ಲಿ. ಇವರಲ್ಲದೆ ಅಧ್ಯಕ್ಷರೋ ಸಂಸತ್ತೋ ರಕ್ಷಣಾ ಕಾರ್ಯದರ್ಶಿಯೋ ಒಪ್ಪಿದ ಬೇರೆ ಯಾರನ್ನು ಬೇಕಾದರೂ ಹೂಳಬಹುದು. ಪಟ್ಟಿ ಕೇಳುವುದು ಹುದ್ದೆ, ದರ್ಜೆ, ಪದಕಗಳನ್ನು. ಆ ಹುದ್ದೆಯಲ್ಲಿ ಕೂತು ಏನು ಮಾಡಿದೆ ಎಂದು ಕೇಳುವುದಿಲ್ಲ.

ಅದನ್ನು ಕೇಳಬೇಕಾದದ್ದು ಅನರ್ಹತೆಯ ಭಾಗ. ಅಲ್ಲಿರುವುದು ಎರಡೇ ಕಲಮು: ಅಗೌರವದಿಂದ ಸೇವೆಯಿಂದ ಹೊರಹಾಕಲ್ಪಟ್ಟವರು, ನೈತಿಕ ಅಧಃಪತನದ ಅಪರಾಧಕ್ಕಾಗಿ ಅಂತಿಮ ತೀರ್ಪಿನಿಂದ ಶಿಕ್ಷೆಗೊಳಗಾದವರು. ಮಾರ್ಕೋಸ್ ವಿವಾದ ಪೂರ್ತಿಯಾಗಿ ಈ ಎರಡು ಸಾಲುಗಳಿಗೆ ಬಂದು ತಗಲಿಕೊಂಡಿತು.

ಎರಡನೆಯದನ್ನು ಮೊದಲು ನೋಡೋಣ. 1972ರ ಸೆಪ್ಟೆಂಬರ್‌ನಲ್ಲಿ ಮಾರ್ಕೋಸ್ ಹೇರಿದ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, 1981ರ ಜನವರಿವರೆಗೆ ಇತ್ತು. ಆ ಅವಧಿಯಲ್ಲಿ ಸುಮಾರು 70 ಸಾವಿರ ಜನ ಸೆರೆಯಾದರು, 34 ಸಾವಿರ ಜನ ಚಿತ್ರಹಿಂಸೆ ಅನುಭವಿಸಿದರು, 3,200ಕ್ಕೂ ಹೆಚ್ಚು ಜನ ಕೊಲೆಯಾದರು ಎಂಬುದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹೆಸರಿನಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ. ಹವಾಯಿಯ ಕೋರ್ಟಿನಲ್ಲಿ 9,500ಕ್ಕೂ ಹೆಚ್ಚು ಸಂತ್ರಸ್ತರು ಒಟ್ಟಾಗಿ ಹೂಡಿದ ದಾವೆಯಲ್ಲಿ 1995ರ ಹೊತ್ತಿಗೆ ಸುಮಾರು 200 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು. 2003ರಲ್ಲಿ ಫಿಲಿಪ್ಪೀನ್ಸ್ ಸುಪ್ರೀಂ ಕೋರ್ಟೇ ಮಾರ್ಕೋಸ್ ಕುಟುಂಬದ ಸ್ವಿಸ್ ಖಾತೆಗಳ 65 ಕೋಟಿ ಡಾಲರ್‌ಗೂ ಮಿಕ್ಕ ಹಣವನ್ನು ಅಕ್ರಮ ಗಳಿಕೆ ಎಂದು ಸರ್ಕಾರಕ್ಕೆ ಮುಟ್ಟುಗೋಲು ಹಾಕಿತು. 2013ರಲ್ಲಿ ಸಂಸತ್ತು ಆ ಹಣದಿಂದ 1,000 ಕೋಟಿ ಪೆಸೊ ತೆಗೆದಿಟ್ಟು ಸಂತ್ರಸ್ತರ ಪರಿಹಾರ ಕಾಯ್ದೆ ಮಾಡಿತು. ಮುಂದೆ 11,103 ಜನರನ್ನು ಸಂತ್ರಸ್ತರೆಂದು ಅಧಿಕೃತವಾಗಿ ಒಪ್ಪಲಾಯಿತು. ಇಷ್ಟೆಲ್ಲ ಇದ್ದರೂ ಇವ್ಯಾವುವೂ ಕ್ರಿಮಿನಲ್ ಶಿಕ್ಷೆಯಲ್ಲ. ಒಂದು ಪರಿಹಾರದ ದಾವೆ, ಇನ್ನೊಂದು ಆಸ್ತಿಯ ದಾವೆ, ಮತ್ತೊಂದು ಶಾಸನ. 1989ರ ಸೆಪ್ಟೆಂಬರ್ 28ರಂದು ಹೊನೊಲುಲುವಿನಲ್ಲಿ ಸತ್ತ ಮಾರ್ಕೋಸ್‌ನಿಗೆ ಇವುಗಳಿಗಾಗಿ ಯಾವ ಕ್ರಿಮಿನಲ್ ಕೋರ್ಟೂ ಶಿಕ್ಷೆ ವಿಧಿಸಿರಲಿಲ್ಲ. ವಿಚಾರಣೆಗೆ ಸಿಗದೆ ಸತ್ತವನಿಗೆ ಈ ಕಲಮು ತಾಗುವುದೇ ಇಲ್ಲ. ದೇಶ ಬಿಟ್ಟು ಓಡಿಹೋದದ್ದೇ ಲಾಭವಾಗುವಂತೆ ಬರೆದ ನಿಯಮವಿದು ಎಂದರೆ ತಪ್ಪಾಗಲಾರದು.

ಇನ್ನು ಮೊದಲನೆಯದು. 1986ರ ಫೆಬ್ರವರಿ 25ರಂದು ಜನ ಬೀದಿಗಿಳಿದು ಅಧ್ಯಕ್ಷನನ್ನು ಓಡಿಸಿದ್ದಕ್ಕಿಂತ ದೊಡ್ಡ ಅಗೌರವದ ವಜಾ ಉಂಟೇ ಎಂದು, ಹೂಳುವುದನ್ನು ತಡೆಯಲು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರು ವಾದಿಸಿದರು. ನ್ಯಾಯಮೂರ್ತಿ ಆಂಟೋನಿಯೊ ಕಾರ್ಪಿಯೊ ತಮ್ಮ ಭಿನ್ನಮತದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದರು. ಬಹುಮತ ಒಪ್ಪಲಿಲ್ಲ: ಕಲಮು ಸೇನಾ ಸಿಬ್ಬಂದಿಗೆ ಮಾತ್ರ, ಸೈನಿಕನಾಗಿ ಮಾರ್ಕೋಸ್ ವಜಾ ಆಗಿರಲಿಲ್ಲ. ಇಲ್ಲೊಂದು ಸೋಜಿಗ ಗಮನಿಸಬೇಕು. ಅಧ್ಯಕ್ಷರಾಗಿದ್ದವರಿಗೆ ಜಾಗ ಕೊಡುವ ಪಟ್ಟಿಯೂ ಈ ಅನರ್ಹತೆಯ ಸಾಲುಗಳೂ ಹಿಂದಿನ ನಿಯಮಾವಳಿಯೊಂದರಿಂದ ಬಂದವು. ಅದನ್ನು ಹೊರಡಿಸಿದ್ದು 1986ರ ಏಪ್ರಿಲ್ 9ರಂದು, ಮಾರ್ಕೋಸ್ ಓಡಿಹೋದ ಆರೇ ವಾರಕ್ಕೆ. ಹೊರಡಿಸಿದವರು ಸೇನಾ ಮುಖ್ಯಸ್ಥ ಫಿಡೆಲ್ ರಾಮೋಸ್, ರಕ್ಷಣಾ ಸಚಿವ ಹ್ವಾನ್ ಪೋನ್ಸೆ ಎನ್ರೀಲೆಯ ಆಣತಿಯಂತೆ. ಮಾರ್ಕೋಸ್ ವಿರುದ್ಧ ದಂಗೆ ಎದ್ದ ಇಬ್ಬರು ಇವರೇ! ‘ಜನರಿಂದ ಪದಚ್ಯುತರಾದ ಅಧ್ಯಕ್ಷರನ್ನು ಬಿಟ್ಟು’ ಎಂಬ ಒಂದು ಮಾತನ್ನು ಅವರು ಆಗ ಸೇರಿಸಿದ್ದರೆ 2016ರ ಮೊಕದ್ದಮೆಗೆ ಆಸ್ಪದವೇ ಇರುತ್ತಿರಲಿಲ್ಲ. ಸೇರಿಸಲಿಲ್ಲ, ಮೂವತ್ತು ವರ್ಷದ ಬಳಿಕ ಕೋರ್ಟು ಅದನ್ನೇ ಎತ್ತಿ ತೋರಿಸಿತು.

ಅರ್ಜಿದಾರರ ಇನ್ನೊಂದು ಆಧಾರ 1948ರ ಕಾಯ್ದೆ. ಮುಂದಿನ ಪೀಳಿಗೆಗಳಿಗೆ ಸ್ಫೂರ್ತಿಯಾಗಲೆಂದು ಅಧ್ಯಕ್ಷರು, ವೀರರು, ದೇಶಭಕ್ತರಿಗೆ ‘ರಾಷ್ಟ್ರೀಯ ಪ್ಯಾಂಥಿಯನ್’, ಅಂದರೆ ಮಹನೀಯರ ಸಮಾಧಿ ಮಂದಿರ, ಕಟ್ಟಬೇಕೆಂದು ಅದು ಹೇಳುತ್ತದೆ. ಸರ್ವಾಧಿಕಾರಿಯಿಂದ ಯಾವ ಸ್ಫೂರ್ತಿ ಎಂಬುದು ವಾದ. ಆದರೆ ಆ ಪ್ಯಾಂಥಿಯನ್‌ಗೆ ಗುರುತಿಸಿದ್ದ ಜಾಗ ಬೇರೆ ಕಡೆ, ಕೆಸೋನ್ ಸಿಟಿಯಲ್ಲಿತ್ತು, ಕಟ್ಟಡ ಏಳಲೇ ಇಲ್ಲ. ಎರಡೂ ಒಂದೇ ಅಲ್ಲ ಎಂದು ಕೋರ್ಟು ಅದನ್ನು ಬದಿಗಿಟ್ಟಿತು.

ಪದಕಗಳ ಕಥೆ ಇನ್ನೂ ಸ್ವಾರಸ್ಯದ್ದು. ಯುದ್ಧಕಾಲದಲ್ಲಿ ‘ಮಹಾರ್ಲಿಕಾ’ ಎಂಬ ಗೆರಿಲ್ಲಾ ಪಡೆ ಕಟ್ಟಿ ಜಪಾನೀಯರ ವಿರುದ್ಧ ಹೋರಾಡಿದೆ ಎಂದು ಮಾರ್ಕೋಸ್ ಹೇಳಿಕೊಳ್ಳುತ್ತಿದ್ದ. ಅಮೆರಿಕದ ಸೇನಾ ದಾಖಲೆಗಳಲ್ಲಿ ಆ ಪಡೆಗೆ ಮಾನ್ಯತೆ ಸಿಕ್ಕಿಲ್ಲ. ವಂಚನೆಯ ದಾವಾ ಎಂದೇ ಅದನ್ನು ತಳ್ಳಿಹಾಕಿದ್ದು 1986ರ ಜನವರಿಯಲ್ಲಿ ಬಯಲಾಯಿತು. 2016ರಲ್ಲಿ ಸರ್ಕಾರದ್ದೇ ಆದ ರಾಷ್ಟ್ರೀಯ ಇತಿಹಾಸ ಆಯೋಗವು ದಾಖಲೆಗಳನ್ನು ಜಾಲಾಡಿ, ಮಾರ್ಕೋಸ್ ಹೇಳಿಕೊಂಡ ಅಮೆರಿಕನ್ ಪದಕಗಳಿಗೆ ಆಧಾರವಿಲ್ಲ, ಸೇನಾ ದಾಖಲೆ ಸುಳ್ಳುಗಳಿಂದ ತುಂಬಿದೆ, ಆದ್ದರಿಂದ ಇಲ್ಲಿ ಹೂಳಬಾರದು ಎಂದು ವರದಿ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಇಡೀ ಪ್ರಕರಣದ ಅತ್ಯಂತ ಗಟ್ಟಿ ಕಾಗದ ಇದು. ಆದರೆ ಅದು ಒಂದೇ ಬಾಗಿಲನ್ನು ಮುಚ್ಚುತ್ತದೆ. ಪದಕ, ಯುದ್ಧಸೇವೆ ಎರಡನ್ನೂ ಹೊಡೆದುಹಾಕಿದರೂ ಮಾಜಿ ಅಧ್ಯಕ್ಷ, ಮಾಜಿ ರಕ್ಷಣಾ ಕಾರ್ಯದರ್ಶಿ ಎಂಬ ಬಾಗಿಲುಗಳು ತೆರೆದೇ ಇದ್ದವು.

ಹೆಣ ಇಷ್ಟು ಕಾಲ ಹೂಳದೆ ಉಳಿದದ್ದೂ ಹಟದಿಂದಲೇ. ಅಧ್ಯಕ್ಷರಾಗಿದ್ದ ರಾಮೋಸ್ 1993ರಲ್ಲಿ ಶವ ತರಲು ಬಿಟ್ಟದ್ದು ಷರತ್ತಿನ ಮೇಲೆ: ಹವಾಯಿಯಿಂದ ನೇರ ಹುಟ್ಟೂರಿನ ಇಲೋಕೋಸ್ ನಾರ್ತೆ ಪ್ರಾಂತಕ್ಕೆ ಹೋಗಬೇಕು, ಮನಿಲಾದಲ್ಲಿ ಮೆರವಣಿಗೆ ಕೂಡದು, ಮೇಜರ್ ದರ್ಜೆಯ ಗೌರವವಷ್ಟೇ, ಹೋದ ಕೂಡಲೇ ಮಣ್ಣು ಮಾಡಬೇಕು. ಕುಟುಂಬ ಮಣ್ಣು ಮಾಡಲಿಲ್ಲ. ಬಾತಾಕ್ ಊರಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ, ತಣ್ಣಗಿಟ್ಟ ಕೋಣೆಯಲ್ಲಿ, 23 ವರ್ಷ ಪ್ರದರ್ಶನಕ್ಕಿಟ್ಟಿತು. 2016ರ ಚುನಾವಣೆಯಲ್ಲಿ ರೊಡ್ರಿಗೊ ಡುಟೆರ್ಟೆ ಇಲ್ಲಿ ಹೂಳಲು ಬಿಡುತ್ತೇನೆಂದು ಮಾತು ಕೊಟ್ಟು ಗೆದ್ದರು. ಹಳೆಯ ಒಪ್ಪಂದಕ್ಕೆ ಹೊಸ ಅಧ್ಯಕ್ಷರು ಕಟ್ಟುಬೀಳಬೇಕಿಲ್ಲ ಎಂದಿತು ಕೋರ್ಟು.

ಆದೇಶ ಇಳಿದುಬಂದ ಬಗೆ ಹೀಗೆ. ಜುಲೈ 11ರಂದು ಅಧ್ಯಕ್ಷರ ಬಾಯಿಮಾತಿನ ಅಪ್ಪಣೆ. ಆಗಸ್ಟ್ 7ರಂದು ರಕ್ಷಣಾ ಕಾರ್ಯದರ್ಶಿ ಡೆಲ್ಫಿನ್ ಲೊರೆಂಝಾನಾ ಸೇನಾ ಮುಖ್ಯಸ್ಥರಿಗೆ ಬರೆದ ಪತ್ರ. ಎರಡು ದಿನಕ್ಕೆ ರಿಯರ್ ಅಡ್ಮಿರಲ್ ಅರ್ನೆಸ್ಟೊ ಎನ್ರೀಕೆಸ್ ಭೂಸೇನೆಗೆ ಕೊಟ್ಟ ನಿರ್ದೇಶನ: ಶವದ ಕಾವಲು, ಕಹಳೆ, ಡೋಲು, ಗುಂಡು ಹಾರಿಸುವ ತಂಡ, ಪೆಟ್ಟಿಗೆ ಹೊರುವವರು, ಬೆಂಗಾವಲು, ವಾಹನ, ಗೋರಿಯ ಜಾಗ. ಗುಂಡಿ ತೋಡಿಸಿ ನೋಂದಣಿ ಮಾಡುವುದು ಭೂಸೇನೆಯ ಗೋರಿ ಸೇವಾ ಘಟಕದ ಕೆಲಸ. ಮೊಕದ್ದಮೆಗೆ ‘ಒಕಾಂಪೊ ವಿರುದ್ಧ ಎನ್ರೀಕೆಸ್’ ಎಂದು ಹೆಸರು ಬಂದದ್ದು ಈ ಅಧಿಕಾರಿಯಿಂದಾಗಿ (ಒಕಾಂಪೊ ಅರ್ಜಿದಾರರಲ್ಲೊಬ್ಬರು). ಆಗಸ್ಟ್ 23ರಂದು ಕೋರ್ಟು ಯಥಾಸ್ಥಿತಿ ಆದೇಶ ಕೊಟ್ಟಿತು. ನವೆಂಬರ್ 8ರಂದು 9–5ರ ಬಹುಮತದಿಂದ ಅರ್ಜಿಗಳನ್ನು ವಜಾ ಮಾಡಿತು. ಒಬ್ಬ ನ್ಯಾಯಮೂರ್ತಿ ಹೊರಗುಳಿದಿದ್ದರು.

ಎಡವಟ್ಟಾದದ್ದು ಇದರ ನಂತರ. ಮರುಪರಿಶೀಲನಾ ಅರ್ಜಿ ಹಾಕಲು ಸೋತವರಿಗೆ 15 ದಿನ ಇರುತ್ತದೆ. ಆದರೆ ತೀರ್ಪಿನೊಂದಿಗೆ ಯಥಾಸ್ಥಿತಿ ಆದೇಶವೂ ಎದ್ದುಹೋಗಿತ್ತು. ಅವಧಿ ಇನ್ನೂ ಉಳಿದಿದೆ ಎಂದು ಅರ್ಜಿದಾರರು ನೆಚ್ಚಿಕೊಂಡಿರುವಾಗಲೇ ಹತ್ತನೇ ದಿನ, ಶುಕ್ರವಾರ ಮಧ್ಯಾಹ್ನ, ಸಾರ್ವಜನಿಕರಿಗೆ ಮುನ್ಸೂಚನೆ ಇಲ್ಲದೆ ಹೆಲಿಕಾಪ್ಟರಿನಲ್ಲಿ ಶವ ತಂದು 21 ಕುಶಾಲತೋಪು ಹಾರಿಸಿ ಹೂತುಬಿಟ್ಟರು. ಸಂಜೆಯೊಳಗೆ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದಿದ್ದರು. ತಡೆಯಾಜ್ಞೆಯನ್ನು ಮುಂದುವರಿಸಿ ಎಂದು ಬೇರೆಯಾಗಿ ಕೇಳಿ ಪಡೆಯದಿದ್ದರೆ ಮರುಪರಿಶೀಲನೆಯ ಹಕ್ಕು ಕಾಗದದ ಮೇಲೆ ಉಳಿಯುತ್ತದೆ, ಗುಂಡಿ ಮುಚ್ಚಿಹೋಗಿರುತ್ತದೆ. 2017ರಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು.

ತೀರ್ಪನ್ನು ‘ಮಾರ್ಕೋಸ್ ವೀರ ಎಂದು ಕೋರ್ಟು ಒಪ್ಪಿತು’ ಎಂದು ಓದುವವರು ಇಂದಿಗೂ ಇದ್ದಾರೆ. ತೀರ್ಪು ಹೇಳಿದ್ದು ಅದನ್ನಲ್ಲ. ಇಲ್ಲಿ ಹೂತ ಮಾತ್ರಕ್ಕೆ ಯಾರೂ ವೀರರಾಗುವುದಿಲ್ಲ ಎಂಬುದೇ ಬಹುಮತದ ನಿಲುವಿನ ಒಂದು ಕಾಲು. ತಡೆಯುವ ಕಾನೂನು ಇಲ್ಲ, ಅಧ್ಯಕ್ಷರು ಅಧಿಕಾರ ಮೀರಿಲ್ಲ, ಉಳಿದದ್ದು ರಾಜಕೀಯ ವಿವೇಚನೆ. ಅಷ್ಟು ಹೇಳಿ ಅದು ನಿಂತಿತು. (ಮಾರ್ಕೋಸ್ ಪೂರ್ತಿ ಒಳ್ಳೆಯವನೂ ಅಲ್ಲ, ಪೂರ್ತಿ ಕೆಟ್ಟವನೂ ಅಲ್ಲ, ನಮ್ಮಂತೆ ತಪ್ಪು ಮಾಡಿದ ಮನುಷ್ಯ ಎಂದೊಂದು ಮಾತು ಸೇರಿಸಿತು. ಚಿತ್ರಹಿಂಸೆ ತಿಂದವರಿಗೆ ಕೋರ್ಟು ಹೇಳಬಾರದಿದ್ದ ಮಾತು ಅದು.) ಯೋಗ್ಯನೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಲ್ಲ ಎಂದೇ. ಸಂತ್ರಸ್ತರಿಗೆ ಕಾಯ್ದೆ ಮಾಡಿ ಪರಿಹಾರ ಕೊಡುವ ಸರ್ಕಾರ, ಆ ಹಿಂಸೆಗೆ ಹೊಣೆಯಾದವನಿಗೆ ತೋಪು ಹಾರಿಸುವುದು ಯಾವ ನಿಯಮಕ್ಕೆ ಸರಿಹೋದರೂ ನ್ಯಾಯಕ್ಕೆ ಸರಿಹೋಗದು.

ಇಂಥ ಗಂಟನ್ನು ಬಿಚ್ಚಲು ದಾರಿಯಿಲ್ಲ ಎಂದಲ್ಲ. ಸ್ಪೇನ್ ಬಿಚ್ಚಿತು. 1975ರಲ್ಲಿ ಸತ್ತ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊನನ್ನು ಮ್ಯಾಡ್ರಿಡ್ ಬಳಿಯ ‘ಮಡಿದವರ ಕಣಿವೆ’ಯಲ್ಲಿ ಹೂತಿದ್ದರು. 2018ರ ಆಗಸ್ಟ್‌ನಲ್ಲಿ ಸರ್ಕಾರ ಸ್ಮೃತಿ ಕಾಯ್ದೆಯನ್ನು ತಿದ್ದಿ, ಅಂತರ್ಯುದ್ಧದಲ್ಲಿ ಸತ್ತವರಿಗೆ ಮಾತ್ರ ಅಲ್ಲಿ ಜಾಗ ಎಂದು ಬರೆಯಿತು. ಫ್ರಾಂಕೊ ಯುದ್ಧದಲ್ಲಿ ಸತ್ತಿರಲಿಲ್ಲ. ಸರ್ವಾಧಿಕಾರಿ ಎಂಬ ಪದವನ್ನು ಬಳಸದೆಯೇ ನಿಯಮ ಅವನನ್ನು ಹೊರಗಿಟ್ಟಿತು. ಕುಟುಂಬ ಕೋರ್ಟಿಗೆ ಹೋಗಿ ಸೋತಿತು, 2019ರ ಅಕ್ಟೋಬರ್ 24ರಂದು ಶವಪೆಟ್ಟಿಗೆಯನ್ನು ತೆಗೆದು ಮಿಂಗೊರುಬಿಯೊ ಸ್ಮಶಾನಕ್ಕೆ ಸಾಗಿಸಲಾಯಿತು.

ಫಿಲಿಪ್ಪೀನ್ಸ್‌ನಲ್ಲಿ ಕೆಲಸ ಇದಕ್ಕಿಂತ ಸಲೀಸು. ಅಲ್ಲಿರುವುದು ಸೇನೆಯ ನಿಯಮಾವಳಿ. ಅದನ್ನು ತಿದ್ದಲು ಸಂಸತ್ತು ಸೇರಬೇಕಿಲ್ಲ, ಸೇನೆಯ ಮಹಾದಂಡನಾಯಕನೂ ಆದ ಅಧ್ಯಕ್ಷರ ಮನಸ್ಸಿದ್ದರೆ ಸಾಕು. 2022ರ ಜೂನ್ 30ರಂದು ಆ ಹುದ್ದೆಗೆ ಬಂದವರು ಮಾರ್ಕೋಸ್‌ನ ಮಗ ಬಾಂಗ್‌ಬಾಂಗ್ ಮಾರ್ಕೋಸ್. ಅದೇ ಆಗಸ್ಟ್‌ನಲ್ಲಿ ಫಿಡೆಲ್ ರಾಮೋಸ್ ಅವರನ್ನೂ ಇದೇ ಸ್ಮಶಾನದಲ್ಲಿ ಹೂಳಲಾಯಿತು, ಮಾಜಿ ಅಧ್ಯಕ್ಷರು ಎಂಬ ಅದೇ ಬಾಬ್ತಿನಲ್ಲಿ.