ಢಮ್ ಅನ್ನುವುದು ಒಂದೇ ಸಲವಾ?

ಪ್ರಶ್ನೆ: ವಿಮಾನ ಶಬ್ದದ ವೇಗ ದಾಟುವ ಕ್ಷಣದಲ್ಲಿ ಮಾತ್ರ ಢಮ್ ಅನ್ನುತ್ತದೆ ಅಲ್ವಾ? ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡನ್ನು ಸಮುದ್ರದ ಮೇಲೆ ಆ ವೇಗ ದಾಟಿಸಿಕೊಂಡು, ಆಮೇಲೆ ಊರುಗಳ ಮೇಲೆ ಹಾರಿಸಬಹುದಿತ್ತಲ್ಲ?

ಉತ್ತರ: 2023ರಲ್ಲಿ ನಮ್ಮ ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹಾರಲು ಶುರುವಾದ ಮೇಲೆ ಈ ಪ್ರಶ್ನೆ ಬರುವುದು ಜಾಸ್ತಿಯಾಗಿದೆ. ಎಷ್ಟು ಸಲ ಹೇಳಿದರೂ ಈ "ಒಂದೇ ಸಲ" ಅನ್ನುವ ನಂಬಿಕೆ ಹೋಗುತ್ತಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

ಕಾಂಕಾರ್ಡ್ ಶಬ್ದಕ್ಕಿಂತ ವೇಗವಾಗಿ ಹೋಗುತ್ತಿರುವಷ್ಟು ಹೊತ್ತೂ ಆ ಸದ್ದು ಅದರ ಬೆನ್ನಿಗೇ ಇರುತ್ತದೆ. ಸಿಗಂದೂರಿನ ಲಾಂಚ್ ನೆನಪಿಸಿಕೊಳ್ಳಿ. ಅದು ಮುಂದೆ ಹೋದಂತೆ ಹಿಂದೆ ಎರಡೂ ಕಡೆ ಅಲೆ ಚಾಚಿಕೊಳ್ಳುತ್ತದೆ. ನೀರಂಚಲ್ಲಿ ನಿಂತವರ ಕಾಲಿಗೆ ಅಲೆ ಒಮ್ಮೆ ಬಡಿದು ಹೋಗುತ್ತದೆ. ಹಾಗಂತ ಲಾಂಚ್ ಒಂದೇ ಸಲ ಅಲೆ ಎಬ್ಬಿಸಿತು ಅನ್ನುತ್ತೀರಾ? ಸ್ವಲ್ಪ ಮುಂದೆ ನಿಂತವರಿಗೂ ಅದು ಬಡಿಯುತ್ತದೆ, ಅವರಿಗಿಂತ ಮುಂದಿನವರಿಗೂ. ಗಾಳಿಯಲ್ಲೂ ಹೀಗೇ. ಒತ್ತಡದ ಅಲೆ ವಿಮಾನದ ಹಿಂದೆ ಶಂಕುವಿನ ಆಕಾರದಲ್ಲಿ ಹರಡಿ, ನೆಲ ಸವರಿಕೊಂಡು ಬರುತ್ತದೆ.

ಈಗ ನಮ್ಮದೇ ನಕ್ಷೆ ತೆಗೆಯಿರಿ. ಕಾಂಕಾರ್ಡ್ ಅರಬ್ಬೀ ಸಮುದ್ರದಲ್ಲೇ ವೇಗ ದಾಟಿ, ಭಟ್ಕಳದ ಮೇಲಿಂದ ಶಿವಮೊಗ್ಗಕ್ಕೆ ನೇರ ಬಂತು ಅಂದುಕೊಳ್ಳಿ. ಗಂಟೆಗೆ 2,100 ಕಿ.ಮೀ.ಗೂ ಹೆಚ್ಚು ವೇಗ, ಸುಮಾರು ಮೂರು ನಿಮಿಷದ ದಾರಿ. ಭಟ್ಕಳದಲ್ಲಿ ಢಮ್ ಅಂದದ್ದು ಹೊಸನಗರದಲ್ಲೂ ಅನ್ನುತ್ತದೆ, ಶಿವಮೊಗ್ಗದಲ್ಲೂ ಅನ್ನುತ್ತದೆ. 16-17 ಕಿ.ಮೀ. ಎತ್ತರದಿಂದ ಇಳಿಯುವ ಸದ್ದು ನೆಲದಲ್ಲಿ ಸುಮಾರು 80 ಕಿ.ಮೀ. ಅಗಲಕ್ಕೆ ಹರಡುತ್ತದೆ. ಅತ್ತ ಸಾಗರ, ಇತ್ತ ತೀರ್ಥಹಳ್ಳಿ, ಎರಡೂ ಅದರೊಳಗೇ. ಅದೂ ಜೋಡಿ ಸದ್ದು: ಮೂತಿಯ ಅಲೆಯದ್ದು ಒಂದು, ಬಾಲದ್ದು ಒಂದು. ಒಳಗೆ ಕೂತವರಿಗೆ ಮಾತ್ರ ಏನೂ ಕೇಳಿಸುವುದಿಲ್ಲ.

ಅಮೆರಿಕದವರು ಇದನ್ನು ಮಾಡಿಯೇ ನೋಡಿದರು. 1964ರಲ್ಲಿ ಒಕ್ಲಹೋಮಾ ಸಿಟಿಯ ಜನಕ್ಕೆ ಆರು ತಿಂಗಳಲ್ಲಿ 1,200ಕ್ಕೂ ಹೆಚ್ಚು ಸಲ ಈ ಸದ್ದು ಕೇಳಿಸಿದರು. ಕಿಟಕಿ ಗಾಜುಗಳು ಒಡೆದವು, ಸಾವಿರಾರು ದೂರು ಬಂದವು. 1973ರಲ್ಲಿ ಅಲ್ಲಿ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದದ ವೇಗ ಮೀರುವುದನ್ನೇ ನಿಷೇಧಿಸಿದರು. 1976ರಲ್ಲಿ ಸೇವೆಗೆ ಬಂದ ಕಾಂಕಾರ್ಡ್‌ಗೆ ಕೊನೆಗೆ ಗಟ್ಟಿಯಾಗಿ ಉಳಿದದ್ದು ಅಟ್ಲಾಂಟಿಕ್ ದಾರಿಯೊಂದೇ. ಸುಮಾರು 100 ಸೀಟು, ವಿಪರೀತ ಇಂಧನ, ದುಬಾರಿ ಟಿಕೆಟ್. 2000ದಲ್ಲಿ ಪ್ಯಾರಿಸ್ ಬಳಿ ಒಂದು ಕಾಂಕಾರ್ಡ್ ಬಿದ್ದ ದುರಂತದ ನಂತರ ಮತ್ತೆ ಹಾರಿತು, ಆದರೆ ಖರ್ಚು ಗಿಟ್ಟದೆ 2003ರಲ್ಲಿ ನಿಂತಿತು.

ಮೂತಿಯ ಮಾತು ಬಂತಲ್ಲ, ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಕಾಂಕಾರ್ಡ್‌ನ ತ್ರಿಕೋನ ರೆಕ್ಕೆಗೆ ನಿಧಾನದ ವೇಗದಲ್ಲಿ ಎತ್ತುವ ಬಲ ಸಿಗಬೇಕಾದರೆ ಮೂತಿ ಮೇಲೆತ್ತಿಕೊಂಡೇ ಇಳಿಯಬೇಕು. ಆಗ ಪೈಲಟ್‌ಗೆ ರನ್‌ವೇ ಕಾಣುವುದಿಲ್ಲ. ಅದಕ್ಕೇ ಮೂತಿಯನ್ನು 12.5 ಡಿಗ್ರಿ ಕೆಳಗೆ ಬಗ್ಗಿಸುವ ಏರ್ಪಾಟು ಇತ್ತು. ಎಂಥ ಚೆಂದದ ಎಂಜಿನಿಯರಿಂಗ್! 2025ರಲ್ಲಿ ಮೊದಲ ಸಲ ಹಾರಿದ ನಾಸಾದ ಎಕ್ಸ್-59 ಸದ್ದನ್ನೇ ತಗ್ಗಿಸಲು ಕಟ್ಟಿದ ಪ್ರಯೋಗದ ವಿಮಾನ. ಅಲೆಗಳೆಲ್ಲ ಒಟ್ಟುಗೂಡಿ ಢಮ್ ಅನ್ನಬಾರದು ಅಂತ ಅದರ ಮೂತಿಯನ್ನು ತೀರಾ ಉದ್ದ, ತೀರಾ ಸಪೂರ ಮಾಡಿದ್ದಾರೆ. ಪೈಲಟ್‌ಗೆ ಮುಂದಿನ ಕಿಟಕಿಯೇ ಇಲ್ಲ. ಎದುರಿನ ದಾರಿಯನ್ನು ಕ್ಯಾಮೆರಾ ತೋರಿಸುತ್ತದೆ, ಪೈಲಟ್ ಪರದೆ ನೋಡಿಕೊಂಡು ಇಳಿಸುತ್ತಾರೆ.